ಕೊಡಲಿಯ ಕಣ್ಣು ನೆಟ್ಟಗಾಗಬೇಕಾದರೆ

ಹೊಸ ಕೊಡಲಿಯನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಬಾಯಿಯ ಹರಿತವನ್ನು ಪರೀಕ್ಷಿಸುತ್ತಾರೆ. ನಾನು ಮೊದಲು ಅದರ ಕಣ್ಣಿನೊಳಗೆ ಇಣುಕುತ್ತೇನೆ. ಮೊಂಡಾದ ಬಾಯಿಯನ್ನು ಸಾಣೆ ಹಿಡಿದು ಸರಿಪಡಿಸಬಹುದು, ಆದರೆ ಕಾವು ಕೂರುವ ಕಣ್ಣು ಒಂದು ಡಿಗ್ರಿಯಷ್ಟು ವಾಲಿದ್ದರೂ 700 ಮಿಲಿಮೀಟರ್ ಉದ್ದದ ಕಾವಿನ ತುದಿ ಸುಮಾರು 12 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ, ಅಂಥ ಕೊಡಲಿ ಏಟು ಹಾಕಿದಾಗಲೆಲ್ಲ ಕೈಯಲ್ಲಿ ತಿರುಚಿಕೊಳ್ಳುತ್ತದೆ.

ನಾನು ಅನುಸರಿಸುವುದು ಹಳೆಯ ಪದ್ಧತಿ: ಮೆದು ಕಬ್ಬಿಣದ ಪಟ್ಟಿಯನ್ನು ಮಡಚಿ ಕಣ್ಣು ಮಾಡುವುದು, ಮಡಿಕೆಯ ನಡುವೆ ಗಟ್ಟಿ ಉಕ್ಕಿನ ಬಾಯಿಯನ್ನು ಸೇರಿಸಿ ಬೆಸೆಯುವುದು. ಇಡೀ ತಲೆಯನ್ನು ಒಂದೇ ಉಕ್ಕಿನ ಗಟ್ಟಿಯಿಂದ ಬಡಿದು, ಕಣ್ಣನ್ನು ಉಳಿಯಿಂದ ಸೀಳಿ ಅಗಲಿಸುವ ದಾರಿಯೂ ಇದೆ. ಅದರಲ್ಲಿ ಬೆಸುಗೆಯ ಚಿಂತೆಯಿಲ್ಲ, ಆದರೆ ಗಟ್ಟಿ ಉಕ್ಕನ್ನು ಅಷ್ಟು ಆಳಕ್ಕೆ ನೆಟ್ಟಗೆ ಸೀಳುವ ಶ್ರಮ ಹೆಚ್ಚು. ಒಂದೂಕಾಲು ಕಿಲೋ ತೂಗುವ ಕೊಡಲಿಗೆ 50 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪ, 300 ಮಿಲಿಮೀಟರ್ ಉದ್ದದ ಪಟ್ಟಿಯನ್ನು ತೆಗೆದುಕೊಳ್ಳುತ್ತೇನೆ. ಅದರ ತೂಕ ಸುಮಾರು 1.4 ಕಿಲೋ, ಬೆಂಕಿಯಲ್ಲಿ ಚಕ್ಕೆಯಾಗಿ ಉದುರುವುದನ್ನೂ ಅರ ಹಾಕಿ ತೆಗೆಯುವುದನ್ನೂ ಲೆಕ್ಕ ಹಿಡಿದರೆ ಈ ಹೆಚ್ಚುವರಿ ಬೇಕೇ ಬೇಕು. ಬಾಯಿಗೆ ಶೇಕಡಾ 0.75ರ ಆಸುಪಾಸಿನಲ್ಲಿ ಇಂಗಾಲವಿರುವ ಸಾದಾ ಉಕ್ಕನ್ನೇ ಆರಿಸುತ್ತೇನೆ. ವಾಹನಗಳ ಸ್ಪ್ರಿಂಗ್ ಪಟ್ಟಿಯೂ ಒಳ್ಳೆಯ ಬಾಯಿಯಾಗುತ್ತದೆ, ಆದರೆ ಅದರಲ್ಲಿ ಕ್ರೋಮಿಯಂ ಇದ್ದರೆ ಅದರ ಆಕ್ಸೈಡ್ ಬೆಸುಗೆಗೆ ಬಳಸುವ ಬಿಳಿಗಾರಕ್ಕೆ, ಅಂದರೆ ಬೊರಾಕ್ಸಿಗೆ, ಸುಲಭವಾಗಿ ಕರಗುವುದಿಲ್ಲ. ಬೆಸುಗೆ ಕೂಡುವುದು ಕಷ್ಟ.

ಮೊದಲು ಪಟ್ಟಿಯ ನಟ್ಟನಡುವಿನ ಭಾಗವನ್ನು ದಪ್ಪವಾಗಿಯೇ ಬಿಟ್ಟು, ಅದರ ಎರಡೂ ಪಕ್ಕಗಳನ್ನು 7 ಮಿಲಿಮೀಟರಿಗೆ ತೆಳುಮಾಡುತ್ತೇನೆ. ದಪ್ಪನೆಯ ನಡು ಕೊಡಲಿಯ ಹಿಂಬದಿಯಾಗುತ್ತದೆ, ತೆಳುವಾದ ಪಕ್ಕಗಳು ಕಣ್ಣಿನ ಗೋಡೆಗಳಾಗುತ್ತವೆ. ಈ ಎರಡು ಗೋಡೆಗಳ ಉದ್ದ ಮತ್ತು ದಪ್ಪ ಒಂದೇ ಆಗಿರಬೇಕು, ಏಕೆಂದರೆ ಮಡಚುವಾಗ ತೆಳುವಾದ ಗೋಡೆಯೇ ಹೆಚ್ಚು ಬಾಗಿ ಕಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮುಂದೆ ಕಾಣುವ ವಕ್ರಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ಹಾಗಾಗಿ ಸುತ್ತಿಗೆಯ ಏಟಿನ ಮೇಲಿನ ನಂಬಿಕೆಗಿಂತ ಅಳತೆಯ ಕೈವಾರದ ಮೇಲೆ ನನಗೆ ನಂಬಿಕೆ ಹೆಚ್ಚು.

ಮಡಚಿದ ಮೇಲೆ ಮೊದಲ ಬೆಸುಗೆಯನ್ನು ಕಣ್ಣಿನ ಮುಂದೆಯೇ ಹಾಕಿ, ತುದಿಗಳನ್ನು ತೆರೆದೇ ಬಿಡುತ್ತೇನೆ. ಬೆಣೆಯ ಆಕಾರಕ್ಕೆ ತಂದ ಉಕ್ಕಿನ ತುಂಡಿನ ಎರಡೂ ಮುಖಗಳಲ್ಲಿ ಉಳಿಯಿಂದ ಸಣ್ಣ ಮುಳ್ಳುಗಳನ್ನೆಬ್ಬಿಸಿ ಆ ತೆರೆದ ತುದಿಗಳ ನಡುವೆ ಬಡಿದು ಕೂರಿಸಿದರೆ, ಬೆಂಕಿಯಲ್ಲಿ ಅದು ಜಾರುವುದಿಲ್ಲ. ಕೆಂಪಗೆ ಕಾದಾಗ ಸಂದುಗಳಿಗೆ ಬಿಳಿಗಾರ ಉದುರಿಸುತ್ತೇನೆ. ಅದು ಕರಗಿ ಹರಿದು ಕಬ್ಬಿಣದ ಮೇಲೆ ಕಟ್ಟಿದ ಆಕ್ಸೈಡಿನ ಚಕ್ಕೆಯನ್ನು ಕರಗಿಸಿಕೊಳ್ಳುತ್ತದೆ ಮತ್ತು ಗಾಳಿ ತಾಗದಂತೆ ಮುಚ್ಚುತ್ತದೆ. ಬೆಸುಗೆಯ ಬಿಸಿ ಸುಮಾರು 1,250 ಡಿಗ್ರಿ ಸೆಲ್ಸಿಯಸ್. ಇದಕ್ಕೆ ಕುಲುಮೆಯಲ್ಲಿ ಇದ್ದಿಲಿನ ರಾಶಿ ಆಳವಾಗಿರಬೇಕು, ಇಲ್ಲದಿದ್ದರೆ ತಿದಿಯ ಗಾಳಿ ಪೂರ್ತಿ ಉರಿದುಹೋಗದೆ ನೇರವಾಗಿ ಲೋಹಕ್ಕೆ ತಾಗಿ ಹೊಸ ಚಕ್ಕೆ ಕಟ್ಟುತ್ತದೆ. ಕಲ್ಲಿದ್ದಲು ಬಳಸುವವರು ಅದರ ಗಂಧಕವೆಲ್ಲ ಹೊಗೆಯಾಗಿ ಹೋಗಿ ಕೋಕ್ ಆಗುವವರೆಗೆ ಕಾಯುವುದು ಒಳ್ಳೆಯದು.

ಬೆಂಕಿಯಿಂದ ತೆಗೆಯುವ ಗಳಿಗೆಯನ್ನು ಕಣ್ಣಳತೆಯಿಂದಲೇ ತಿಳಿಯಬೇಕು. ಮೇಲ್ಮೈ ತಿಳಿಹಳದಿಗೆ ತಿರುಗಿ, ನೀರು ಬಳಿದಂತೆ ಹೊಳೆದು, ಬಿಳಿಗಾರ ಅದರ ಮೇಲೆ ಮೆಲ್ಲಗೆ ಕದಲತೊಡಗಿದಾಗ ಕಬ್ಬಿಣ ಸಿದ್ಧವಾಗಿರುತ್ತದೆ. ಕಿಡಿ ಸಿಡಿಯತೊಡಗಿತೆಂದರೆ ಲೋಹ ಸುಡುತ್ತಿದೆ. ಇಂಗಾಲ ಹೆಚ್ಚಿರುವ ಉಕ್ಕು ಮೆದು ಕಬ್ಬಿಣಕ್ಕಿಂತ ಕಡಿಮೆ ಬಿಸಿಯಲ್ಲೇ ಸುಡುವುದರಿಂದ, ಅದನ್ನು ಮಡಿಕೆಯ ಒಳಗೆ ಇಡುವ ಹಳೆಯ ಕ್ರಮ ಅದಕ್ಕೊಂದು ರಕ್ಷಣೆಯೂ ಹೌದು. ಮೊದಲ ಏಟುಗಳು ಹಗುರವಾಗಿ, ಬೇಗ ಬೇಗನೆ, ಒಳಗಿನಿಂದ ಅಂಚಿನ ಕಡೆಗೆ ಬೀಳಬೇಕು. ಕರಗಿದ ಕಿಟ್ಟ ಹೊರಬರಲು ದಾರಿ ಬೇಕಲ್ಲ. ಮೊದಲೇ ಜೋರಾಗಿ ಬಡಿದರೆ ಪದರಗಳು ಒಂದರ ಮೇಲೊಂದು ಜಾರುತ್ತವೆ. ತಲೆ ತಣ್ಣಗಾಗುತ್ತಾ ಮಂಕು ಕೆಂಪಿಗೆ ಇಳಿಯುವಾಗ ಸಂದಿನ ಮೇಲೆ ಕಪ್ಪು ಗೆರೆ ಅಥವಾ ಕಲೆ ಕಂಡರೆ ಅಲ್ಲಿ ಬಿಸಿ ಒಂದು ಪದರದಿಂದ ಇನ್ನೊಂದಕ್ಕೆ ದಾಟುತ್ತಿಲ್ಲ, ಅಂದರೆ ಬೆಸುಗೆ ಕೂಡಿಲ್ಲ. ಮತ್ತೆ ಬಿಳಿಗಾರ ಹಾಕಿ ಬಿಸಿಮಾಡಬೇಕು.

ಕಣ್ಣಿಗೆ ಕೊನೆಯ ಆಕಾರ ಕೊಡುವುದು ಇದರ ನಂತರ. ಮೊಟ್ಟೆಯಾಕಾರದ, ಒಂದು ತುದಿಗೆ ಸಪೂರಾದ ಗೂಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಬಡಿಯುತ್ತೇನೆ. ಆಗ ಕಣ್ಣು ನಡುವಿನಲ್ಲಿ ಕಿರಿದಾಗಿ ಮೇಲೂ ಕೆಳಗೂ ಅಗಲವಾಗುತ್ತದೆ. ಮುಂದೆ ಕಾವಿನ ತಲೆಯಲ್ಲಿ ಬೆಣೆ ಹೊಡೆದಾಗ ಮರ ಈ ಮೇಲಿನ ಅಗಲದಲ್ಲಿ ಹಿಗ್ಗಿ ಬಿಗಿಯಾಗಿ ಕೂರುತ್ತದೆ. ಗೂಟ ಗೋಡೆಗಳ ಬಿಸಿಯನ್ನು ಹೀರಿಕೊಳ್ಳುವುದರಿಂದ ಅದನ್ನು ಕಣ್ಣಿನಲ್ಲಿ ಹೆಚ್ಚು ಹೊತ್ತು ಬಿಡಬಾರದು. ಆಮೇಲೆ ಗೂಟವನ್ನು ತೆಗೆದು, ಕಣ್ಣಿನಲ್ಲಿ ನೇರವಾದ ಸರಳೊಂದನ್ನು ನಿಲ್ಲಿಸಿ ಬಾಯಿಯ ಕಡೆಯಿಂದ ನೋಡುತ್ತೇನೆ: ಬಾಯಿಯ ಗೆರೆ ಸರಳಿನ ಮೇಲೆ ಉದ್ದಕ್ಕೂ ಬೀಳಬೇಕು. ಸ್ವಲ್ಪ ವಾಲಿದ್ದರೂ ಕೆಂಪು ಬಿಸಿಯಲ್ಲಿ ಈಗಲೇ ತಿದ್ದಬೇಕು. ಹದ ಕೊಟ್ಟ ಮೇಲೆ ತಿದ್ದಲು ಹೋದರೆ ಬಾಯಿ ಬಿರಿಯುತ್ತದೆ.

ಬೆಸುಗೆಯ ಬಿಸಿಯಲ್ಲಿ ಉಕ್ಕಿನ ಕಣಗಳು ದೊಡ್ಡದಾಗಿರುತ್ತವೆ. ಅವನ್ನು ಸಣ್ಣದಾಗಿಸಲು ತಲೆಯನ್ನು ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲ ಬಿಸಿಯನ್ನು ಸ್ವಲ್ಪ ಇಳಿಸುತ್ತಾ, ಗಾಳಿಯಲ್ಲಿ ಆರಲು ಬಿಡುತ್ತೇನೆ. ಆಮೇಲೆ ಅರ ಹಾಕುವ ಕೆಲಸ. ಬಾಯಿಯನ್ನು ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ನಿಲ್ಲಿಸುತ್ತೇನೆ, ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲಿ ಅದ್ದುವಾಗ ಸೊಟ್ಟಗಾಗುವ ಅಥವಾ ಸೀಳುವ ಅಪಾಯ ಹೆಚ್ಚುತ್ತದೆ.

ಗಡಸು ಕೊಡುವಾಗ ಬಾಯಿಯ ಕಡೆಯ ಭಾಗವನ್ನು ಮಾತ್ರ ಕಾಯಿಸುತ್ತೇನೆ. ಕಬ್ಬಿಣ 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಬಣ್ಣ ತುಸುವೇ ಏರಿದಾಗ, ಸುಮಾರು 810ರಲ್ಲಿ, ಬೆಚ್ಚಗಿನ ಎಣ್ಣೆಗೆ ಬಾಯಿಯನ್ನು ನೇರವಾಗಿ ಇಳಿಸಿ ಮೇಲೆ ಕೆಳಗೆ ಆಡಿಸುತ್ತೇನೆ. ಅರ ಹಿಡಿಯದೆ ಜಾರಿದರೆ ಗಡಸು ಬಂದಿದೆ. ಅಷ್ಟು ಗಡಸಾದ ಬಾಯಿ ಗಾಜಿನಂತೆ ಒಡೆಯುವುದರಿಂದ ಹದ ಮಾಡಿ ಗಡಸನ್ನು ತುಸು ಇಳಿಸಬೇಕು: ಅದನ್ನು ಉಜ್ಜಿ ಹೊಳಪು ಬರಿಸಿ, ಕೆಂಪಗೆ ಕಾದ ಕಬ್ಬಿಣದ ಗಟ್ಟಿಯನ್ನು ಕಣ್ಣಿನೊಳಗಿಟ್ಟು ಬಿಸಿ ಹಿಂದಿನಿಂದ ಮುಂದಕ್ಕೆ ಹರಿಯುವಂತೆ ಮಾಡುತ್ತೇನೆ. ಬಿಸಿಗೆ ಹೊಳಪಿನ ಮೇಲೆ ಮೂಡುವ ಹುಲ್ಲಿನ ಹಳದಿ ಬಣ್ಣ ಬಾಯಿಯ ಅಂಚಿಗೆ ಬಂದು ಕಂದಿಗೆ ತಿರುಗುವಾಗ, ಅಂದರೆ 250 ಡಿಗ್ರಿಯ ಆಸುಪಾಸಿನಲ್ಲಿ, ನೀರಿಗೆ ಅದ್ದಿ ನಿಲ್ಲಿಸುತ್ತೇನೆ. ಒಲೆಯಲ್ಲಿಟ್ಟು ಹದ ಮಾಡಿದರೆ ಬಿಸಿ ಇನ್ನಷ್ಟು ಕರಾರುವಾಕ್ಕಾಗಿರುತ್ತದೆ, ಒಪ್ಪುತ್ತೇನೆ. ಆದರೆ ಈ ಕ್ರಮದಲ್ಲಿ ಬಾಯಿಯ ಹಿಂದಿನ ಉಕ್ಕು ಅಂಚಿಗಿಂತ ಮೆದುವಾಗಿ ಉಳಿಯುತ್ತದೆ, ಕೊಡಲಿಗೆ ಅದೇ ಬೇಕಾದದ್ದು.

ಕಾವಿಗೆ ಚೆನ್ನಾಗಿ ಒಣಗಿದ, ಎಳೆ ನೇರವಾಗಿರುವ ಮರವನ್ನು ಆರಿಸಿ, ಅದರ ವರ್ಷದ ಗೆರೆಗಳು ಬಾಯಿಯ ದಿಕ್ಕಿಗೆ ಸಮಾನಾಂತರವಾಗಿ ಬರುವಂತೆ ಕೆತ್ತುತ್ತೇನೆ. ತಲೆಯನ್ನು ಕೆಳಗೆ ತೂಗಾಡಲು ಬಿಟ್ಟು ಕಾವಿನ ಬುಡಕ್ಕೆ ಏಟು ಹಾಕಿದರೆ, ತಲೆ ತನ್ನ ಭಾರದಿಂದಲೇ ಹಿಂದುಳಿದು ಕಾವಿನ ಮೇಲೆ ಏರುತ್ತದೆ. ಕೊನೆಗೆ ಸಾಣೆ ಹಿಡಿದು 25ರಿಂದ 30 ಡಿಗ್ರಿಯ, ತುಸು ಉಬ್ಬಿದ ಬಾಯಿ ಕೊಡುತ್ತೇನೆ. ಅಂಚು ನೀಲಿಗೆ ತಿರುಗಿದರೆ ಹದ ಹೋಯಿತೆಂದೇ ಅರ್ಥ, ಆದ್ದರಿಂದ ಮತ್ತೆ ಮತ್ತೆ ನೀರಿಗದ್ದಬೇಕು. ಮೊದಲ ದಿನದ ಕಡಿತದ ನಂತರ ಬಾಯಿ ಮಡಚಿಕೊಂಡಿದ್ದರೆ ಹದ ಮೆದುವಾಗಿದೆ, ಮತ್ತೆ ಗಡಸು ಕೊಡುವಲ್ಲಿಂದ ಆರಂಭಿಸಬೇಕು. ಚೂರು ಹಾರಿದ್ದರೆ ಹತ್ತಿಪ್ಪತ್ತು ಡಿಗ್ರಿ ಹೆಚ್ಚಿನ ಬಿಸಿಯಲ್ಲಿ ಇನ್ನೊಮ್ಮೆ ಹದಗೊಳಿಸಿ ಸಾಣೆ ಹಿಡಿದರೆ ಸಾಕಾಗುತ್ತದೆ.