ಮೊದಲು ಆಸ್ಪತ್ರೆ, ಸ್ಟೇಷನ್ ಆಮೇಲೆ

ಲೈಂಗಿಕ ದೌರ್ಜನ್ಯವಾದಾಗ ಮನೆಯಲ್ಲಿ ಮೊದಲು ಏಳುವ ಮಾತು, ಕಂಪ್ಲೇಂಟ್ ಕೊಡೋದಾ ಬೇಡವಾ ಅಂತ. ಆ ಮಾತು ಮುಗಿಯುವಷ್ಟರಲ್ಲಿ ಎರಡು ದಿನ ಹೋಗಿರುತ್ತದೆ. ಮೊದಲು ಆಸ್ಪತ್ರೆಗೆ ಹೊರಡಿ. ಸರ್ಕಾರಿಯಾಗಲಿ, ಖಾಸಗಿಯಾಗಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಇರುವುದೇ ಅದಕ್ಕೆ. ಎಫ್‌ಐಆರ್ ತನ್ನಿ ಅನ್ನುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ನಿಜ. ಆದರೆ ನಿಮಗೆ ದೂರು ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ.

ಆದರೆ ಸ್ನಾನ ಮಾಡದೆ ಹೋಗಿ. ಹಾಕಿದ್ದ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಒಯ್ಯಿರಿ, ಪ್ಲಾಸ್ಟಿಕ್ ಚೀಲ ಬೇಡ. ಸ್ನಾನ ಆಗಿಹೋಗಿದ್ದರೆ? ಆದರೂ ಹೋಗಿ.

72 ಗಂಟೆ ಅನ್ನುವ ಲೆಕ್ಕ ನೆನಪಿರಲಿ. ಎಚ್‌ಐವಿ ತಡೆಯುವ ಮಾತ್ರೆ ಅಷ್ಟರೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಬೇಗ ತಗೊಂಡಷ್ಟೂ ಒಳ್ಳೆಯದು. ಐದು ದಿನದವರೆಗೆ ಕೊಡಬಹುದು, ಆದರೆ ತಡವಾದಷ್ಟೂ ಅದರ ಬಲ ಕಡಿಮೆ. ಟಿಟಿ, ಹೆಪಟೈಟಿಸ್ ಬಿ ಲಸಿಕೆಯನ್ನೂ ಕೇಳಿ.

ಪರೀಕ್ಷೆಗೆ ಮುಂಚೆ ನಿಮ್ಮ ಒಪ್ಪಿಗೆ ಕೇಳಬೇಕು. ಪರೀಕ್ಷೆಗೆ ಹೂಂ ಅಂದು, ಸಾಕ್ಷ್ಯ ತೆಗೆಯುವುದಕ್ಕೆ ಬೇಡ ಅನ್ನಬಹುದು. ಹಿಂದೆ ಸಂಭೋಗ ಆಗಿತ್ತಾ ಅಂತ ಯೋನಿಯೊಳಗೆ ಬೆರಳಿಟ್ಟು ನೋಡುವ 'ಎರಡು ಬೆರಳಿನ ಪರೀಕ್ಷೆ' ಮಾಡುವ ವೈದ್ಯರು ದುರ್ನಡತೆ ಎಸಗಿದಂತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಘಟನೆಯಾಗಿ ವರ್ಷಗಳೇ ಕಳೆದಿದ್ದರೆ ಕಷ್ಟ ಬೇರೆ ಥರದ್ದು. ಬಿಳಿ ಸ್ರಾವ, ಕಿಬ್ಬೊಟ್ಟೆ ನೋವು ಅಂತ ಹೋಗಿ ಟೇಬಲ್ ಮೇಲೆ ಮಲಗಿದ ಕೂಡಲೇ ಮೈ ಸೆಟೆದುಕೊಳ್ಳುತ್ತದೆ. ನಾಚಿಕೆ ಅಂದುಕೊಂಡು ಡಾಕ್ಟರ್ "ಕಾಲು ಸಡಿಲ ಬಿಡಮ್ಮಾ" ಅನ್ನುತ್ತಾರೆ. ಸುಮ್ನೆ ಸಹಿಸಬೇಡಿ. ಮಲಗುವ ಮುಂಚೆಯೇ ಒಂದು ಮಾತು ಹೇಳಿ: "ನನಗೆ ಹಿಂದೆ ಕೆಟ್ಟ ಅನುಭವ ಆಗಿದೆ, ನಿಧಾನಕ್ಕೆ ನೋಡಿ, ಕೈ ಎತ್ತಿದರೆ ನಿಲ್ಲಿಸಿ." ಕಥೆಯೆಲ್ಲ ಹೇಳಬೇಕಿಲ್ಲ. ಒಳಗೆ ನೋಡಲು ಹಾಕುವ ಸಾಧನ, ಸ್ಪೆಕ್ಯುಲಮ್, ಚಿಕ್ಕದು ಕೇಳಿ. ಅಕ್ಕನೋ ಗೆಳತಿಯೋ ಪಕ್ಕದಲ್ಲಿರಲಿ. ಒಳಗಿನ ಪರೀಕ್ಷೆ ಇವತ್ತೇ ಆಗಬೇಕಾ ಅಂತಲೂ ಕೇಳಿ. ಎಷ್ಟೋ ಸಲ ಮೂತ್ರ ಪರೀಕ್ಷೆ, ಹೊಟ್ಟೆ ಮೇಲಿನ ಸ್ಕ್ಯಾನ್ ಸಾಕಾಗುತ್ತದೆ.

ಹೊಡೆಯುವ ಗಂಡನೇ ಜೊತೆಗೆ ಬಂದು ಕೂತಿದ್ದರೆ ನರ್ಸ್ ಕಿವಿಯಲ್ಲಿ ಹೇಳಿ. "ಪರೀಕ್ಷೆ ಇದೆ, ಹೊರಗಿರಿ" ಅನ್ನುವುದು ಅವರಿಗೆ ಸುಲಭ. ಅವನು ಗರ್ಭನಿರೋಧಕ ಮಾತ್ರೆ ಬಿಸಾಡುತ್ತಾನೆ ಅನ್ನುವುದಾದರೆ ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರಾ' ಇಂಜೆಕ್ಷನ್ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಲವಂತದಿಂದ ಗರ್ಭ ನಿಂತಿದ್ದರೆ 24 ವಾರದವರೆಗೆ ತೆಗೆಸಲು ಕಾನೂನು ಅವಕಾಶ ಕೊಡುತ್ತದೆ. ಬಲವಂತ ಮಾಡಿದವನು ಗಂಡನಾದರೂ ಇದು ಅನ್ವಯಿಸುತ್ತದೆ, ಅದಕ್ಕೆ ಎಫ್‌ಐಆರ್ ಬೇಕಿಲ್ಲ. ಇದೂ ಸುಪ್ರೀಂ ಕೋರ್ಟಿನ 2022ರದೇ ತೀರ್ಪು.

ಮಹಿಳಾ ಸಹಾಯವಾಣಿ 181. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ ಎಲ್ಲಿದೆ ಅಂತ ಅವರೇ ಹೇಳುತ್ತಾರೆ. ನಂಬರನ್ನು ಮೊಬೈಲಿನಲ್ಲಿ ಗ್ಯಾಸ್ ಏಜೆನ್ಸಿ ಅಂತಲೋ ಟೈಲರ್ ಅಂತಲೋ ಸೇವ್ ಮಾಡಿಕೊಳ್ಳಿ, ಮಾತಾಡಿದ ಮೇಲೆ ಕಾಲ್ ಲಿಸ್ಟಿನಿಂದ ಅಳಿಸಿ.