ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್: ಮಲೆನಾಡಿನ ಹವೆಯಲ್ಲಿ ನನ್ನ ಅನುಭವ

ಎಣ್ಣೆ ಮುಖದವರಿಗೆ ಮಾಯಿಶ್ಚರೈಸರ್ ಬೇಕಾ ಅಂತ ಕೇಳಿದರೆ ನಮ್ಮ ಕಡೆ ಹೆಚ್ಚಿನವರು ಬೇಡ ಅನ್ನುತ್ತಾರೆ. ನಮ್ಮಮ್ಮನದೂ ಅದೇ ಮಾತು. "ಮುಖದಲ್ಲೇ ಎಣ್ಣೆ ಸುರೀತಾ ಇದೆ, ಅದರ ಮೇಲೆ ಕ್ರೀಮ್ ಬೇರೆ ಯಾಕೆ ಮಾರಾಯ್ತಿ?" ನಾನು ಬೇಕು ಅನ್ನುವವಳು. ಆದರೆ ಎಂಥದ್ದು, ಎಷ್ಟು, ಯಾವ ತಿಂಗಳಲ್ಲಿ ಅನ್ನುವುದನ್ನು ನೋಡಿಕೊಂಡೇ ಹಚ್ಚಬೇಕು. ಮನೆ ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಹಾಗಾಗಿ ಎರಡೂ ಕಡೆಯ ಹವೆಯಲ್ಲಿ ಈ ಮುಖವನ್ನು ನೋಡಿಕೊಂಡು ಬಂದಿದ್ದೇನೆ.

ಚರ್ಮದಲ್ಲಿ ಎಣ್ಣೆ ಇರುವುದು ಬೇರೆ, ನೀರು ಇರುವುದು ಬೇರೆ. ಎಣ್ಣೆ ಬರುವುದು ರೋಮದ ಬುಡಕ್ಕೆ ಅಂಟಿಕೊಂಡಿರುವ ಸಣ್ಣ ಗ್ರಂಥಿಗಳಿಂದ. ಇದಕ್ಕೆ ಸೀಬಮ್ ಅನ್ನುತ್ತಾರೆ. ಹಣೆ, ಮೂಗು, ಗದ್ದದ ಮೇಲೆ ಈ ಗ್ರಂಥಿಗಳು ಜಾಸ್ತಿ, ಅದಕ್ಕೇ ಅಲ್ಲೇ ಮೊದಲು ಹೊಳೆಯುವುದು. ನೀರು ಇರುವುದು ಚರ್ಮದ ತೀರಾ ಮೇಲಿನ ಪದರದಲ್ಲಿ. ಆ ನೀರು ಹಾರಿಹೋಗದ ಹಾಗೆ ತಡೆಯುವುದು ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು, ಇವು ಮೂರೂ ಜೀವಕೋಶಗಳ ನಡುವೆ ಗೋಡೆಗೆ ಹಾಕಿದ ಗಾರೆಯ ಹಾಗೆ ಕೂತಿರುತ್ತವೆ. ಖಾರವಾದ ಸೋಪು, ಕುದಿಯುವ ಹಂಡೆ ನೀರು, ಮೊಡವೆಗೆ ಹಚ್ಚುವ ಔಷಧಿ, ಎಲ್ಲವೂ ಇದನ್ನು ಸಡಿಲ ಮಾಡುತ್ತವೆ. ಆಗ ಮೇಲೆ ಎಣ್ಣೆ ಹೊಳೆಯುತ್ತಲೇ ಇರುತ್ತದೆ, ಕೆಳಗೆ ಚರ್ಮ ಒಣಗಿ ಎಳೆಯುತ್ತಿರುತ್ತದೆ.

ನನ್ನ ಮುಖದಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು. ಮುಖ ತೊಳೆದು, ಒರೆಸಿ, ಏನೂ ಹಚ್ಚದೆ ಸುಮ್ನೆ ಅರ್ಧ ಗಂಟೆ ಬಿಟ್ಟು ನೋಡಿದೆ. ಹಣೆ ಆಗಲೇ ಮಿಂಚುತ್ತಿತ್ತು. ಆದರೆ ಕೆನ್ನೆ ನಗುವಾಗ ಬಿಗಿದ ಹಾಗೆ, ಬಾಯಿಯ ಮೂಲೆಯಲ್ಲಿ ಸಣ್ಣಗೆ ಸಿಪ್ಪೆ. ನೀವೂ ಇದೇ ಪರೀಕ್ಷೆ ಮಾಡಿ ನೋಡಿ, ಖರ್ಚಿಲ್ಲ. ಎಲ್ಲೂ ಬಿಗಿಯದೆ, ಸಿಪ್ಪೆ ಏಳದೆ ಇದ್ದರೆ ನಿಮಗೆ ತೀರಾ ಹಗುರವಾದದ್ದು ಸಾಕು. ಮಳೆಗಾಲದಲ್ಲಿ ಅದೂ ಬೇಡದೇ ಇರಬಹುದು.

ಇನ್ನೊಂದು ಮಾತು ಎಲ್ಲರೂ ಹೇಳುತ್ತಾರೆ. ಮುಖ ಒಣಗಿದರೆ ಚರ್ಮ ಹೆಚ್ಚು ಎಣ್ಣೆ ಬಿಡುತ್ತದೆ, ಮಾಯಿಶ್ಚರೈಸರ್ ಹಚ್ಚಿದರೆ ಎಣ್ಣೆ ನಿಂತುಹೋಗುತ್ತದೆ ಅಂತ. ನಾನು ಇದನ್ನು ನಂಬುವುದಿಲ್ಲ. ಈ ಗ್ರಂಥಿಗಳನ್ನು ಮುಖ್ಯವಾಗಿ ನಡೆಸುವುದು ಆಂಡ್ರೋಜನ್ ಅನ್ನುವ ಹಾರ್ಮೋನು. ಹರೆಯದಲ್ಲಿ ಮುಖ ಜಿಡ್ಡಾಗುವುದು ಅದಕ್ಕೇ. ಮಾಯಿಶ್ಚರೈಸರ್‌ನಿಂದ ನನ್ನ ಹಣೆಯ ಹೊಳಪು ಹೋಗಲಿಲ್ಲ. ಬಿಗಿತ ಹೋಯಿತು, ಉರಿ ಹೋಯಿತು, ಮೊಡವೆ ಔಷಧಿ ಹಚ್ಚಿದರೆ ಮುಖ ಕೆಂಪಾಗುವುದು ಕಡಿಮೆಯಾಯಿತು. ನನಗೆ ಬೇಕಾಗಿದ್ದೂ ಅಷ್ಟೇ.

ಈಗ ಅಂಗಡಿಗೆ ಬರೋಣ. ದುರ್ಗಿಗುಡಿಯ ಫ್ಯಾನ್ಸಿ ಸ್ಟೋರ್ ಇರಲಿ, ನೆಹರೂ ರಸ್ತೆಯ ಮೆಡಿಕಲ್ ಶಾಪ್ ಇರಲಿ, "ಆಯ್ಲಿ ಸ್ಕಿನ್‌ಗೆ ಕೊಡಿ" ಅಂದರೆ ಯಾವುದು ಚೆನ್ನಾಗಿ ಮಾರಾಟ ಆಗುತ್ತದೋ ಅದನ್ನೇ ಮುಂದಿಡುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ನಮ್ಮ ಮುಖ ಅವರಿಗೆ ಹೇಗೆ ಗೊತ್ತಿರಬೇಕು? ನಾನು ಡಬ್ಬಿಯ ಮುಂಭಾಗ ಓದುವುದನ್ನೇ ಬಿಟ್ಟೆ. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ಒಳಗೆ ಏನೇನಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ಶೇಕಡಾ 1ಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಹೇಗೆ ಬೇಕಾದರೂ ಬರಬಹುದು. ಹಾಗಾಗಿ ಮೊದಲ ಐದಾರು ಹೆಸರು ನೋಡಿದರೆ ಒಳಗಿರುವುದು ಎಂಥದ್ದು ಅಂತ ಹೆಚ್ಚುಕಡಿಮೆ ತಿಳಿದುಬಿಡುತ್ತದೆ.

ನಾನು ಮೊದಲು ಹುಡುಕುವುದು ಗ್ಲಿಸರಿನ್. ಹಳೆಯ ವಸ್ತು, ಅಗ್ಗದ ವಸ್ತು, ನೀರನ್ನು ಹಿಡಿದುಕೊಳ್ಳುವುದರಲ್ಲಿ ಗಟ್ಟಿಗ. ನೀರಿನ ನಂತರ ಎರಡನೆಯದೋ ಮೂರನೆಯದೋ ಗ್ಲಿಸರಿನ್ ಇದ್ದರೆ ನನಗೆ ಅರ್ಧ ಸಮಾಧಾನ. ಹಯಾಲುರೋನಿಕ್ ಆಸಿಡ್ ಅಂತ ಮುಂದೆ ದೊಡ್ಡದಾಗಿ ಬರೆದಿರುತ್ತಾರೆ, ಹಿಂದೆ ಸೋಡಿಯಂ ಹಯಾಲುರೊನೇಟ್ ಅಂತ ಪಟ್ಟಿಯ ಬಾಲದಲ್ಲಿ ಇರುತ್ತದೆ. ಇದ್ದರೆ ಒಳ್ಳೆಯದೇ, ಆದರೆ ಅದೊಂದಕ್ಕಾಗಿ ಜಾಸ್ತಿ ದುಡ್ಡು ಕೊಡುವುದಿಲ್ಲ. ಆಮೇಲೆ ನೋಡುವುದು ಡೈಮೆಥಿಕೋನ್. ಇದು ಸಿಲಿಕೋನ್. ಹೆಸರು ಕೇಳಿ ಹೆದರುವವರಿದ್ದಾರೆ, ರಂಧ್ರ ಮುಚ್ಚುತ್ತದೆ ಅಂತ. ನಿಜಕ್ಕೂ ಇದು ಮೊಡವೆ ಎಬ್ಬಿಸುವ ವಸ್ತು ಅಲ್ಲ. ನೀರು ಹಾರದ ಹಾಗೆ ತೆಳ್ಳಗೆ ಮುಚ್ಚುತ್ತದೆ, ಕೈಗೆ ಜಿಡ್ಡು ಅನಿಸುವುದಿಲ್ಲ. ಎಣ್ಣೆ ಮುಖಕ್ಕೆ ನನ್ನ ಪ್ರಕಾರ ಗ್ಲಿಸರಿನ್ ಮತ್ತು ಡೈಮೆಥಿಕೋನ್ ಜೋಡಿಯೇ ಸಾಕು. ಸೆರಮೈಡ್ ಸೇರಿದ್ದರೆ ಚಳಿಗಾಲಕ್ಕೆ ಅನುಕೂಲ. ನಯಾಸಿನಮೈಡ್ ಅಂದರೆ ಬಿ3 ವಿಟಮಿನ್, ಶೇಕಡಾ 2ರಿಂದ 5ರಷ್ಟು ಇರುವ ಕ್ರೀಮ್‌ಗಳು ಸಿಗುತ್ತವೆ. ಎಣ್ಣೆಯನ್ನು ಸ್ವಲ್ಪ ತಗ್ಗಿಸುವ ಗುಣ ಇದಕ್ಕಿದೆ, ಕಲೆಗೂ ಒಳ್ಳೆಯದು. ಶೇಕಡಾ 10 ಅಂತ ಬರೆದದ್ದನ್ನು ಹಚ್ಚಿದಾಗ ನನಗೆ ಚುರುಚುರು ಅಂದಿತು, ಕಡಿಮೆ ಇರುವುದೇ ಹಿಡಿಸಿತು.

ಬೇಡ ಅನ್ನುವ ಪಟ್ಟಿಯೂ ಇದೆ. ಕೊಬ್ಬರಿ ಎಣ್ಣೆ, ಕೋಕೊ ಬಟರ್, ಐಸೊಪ್ರೊಪೈಲ್ ಮಿರಿಸ್ಟೇಟ್ ಇವು ಮೊದಲ ಸಾಲುಗಳಲ್ಲಿ ಇದ್ದರೆ ವಾಪಸ್ ಇಟ್ಟುಬಿಡುತ್ತೇನೆ. ಘಮ್ಮನೆ ವಾಸನೆ ಬರುವುದೂ ಬೇಡ. ಆಲ್ಕೋಹಾಲ್ ವಿಷಯದಲ್ಲಿ ಒಂದು ಗೊಂದಲ ಇದೆ. ಸೀಟೈಲ್ ಆಲ್ಕೋಹಾಲ್, ಸೀಟೋಸ್ಟಿಯರಿಲ್ ಆಲ್ಕೋಹಾಲ್ ಅಂತ ಇದ್ದರೆ ಅವು ಮೇಣದಂಥ ಮೆತ್ತನೆಯ ವಸ್ತುಗಳು, ಒಣಗಿಸುವುದಿಲ್ಲ. ಆಲ್ಕೋಹಾಲ್ ಡಿನ್ಯಾಟ್ ಅಂತ ಮೇಲೆಯೇ ಬರೆದಿದ್ದರೆ ಅದು ಸ್ಪಿರಿಟ್ಟು. ಹಚ್ಚಿದ ಕೂಡಲೇ ಹಾಯಾಗಿ ತಣ್ಣಗಾಗುತ್ತದೆ, ಆಮೇಲೆ ಮುಖ ಒಣಗುತ್ತದೆ.

ನಾನ್ ಕಾಮೆಡೋಜೆನಿಕ್, ಅಂದರೆ ರಂಧ್ರ ಮುಚ್ಚುವುದಿಲ್ಲ ಅಂತ ಬರೆದದ್ದನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಯಾವ ವಸ್ತು ರಂಧ್ರ ಮುಚ್ಚುತ್ತದೆ ಅನ್ನುವ ಹಳೆಯ ಅಂಕಪಟ್ಟಿಗಳು ಬಹುಪಾಲು ಮೊಲದ ಕಿವಿಯ ಮೇಲೆ ಹಚ್ಚಿ ನೋಡಿದ ಪ್ರಯೋಗಗಳಿಂದ ಬಂದವು. ನಮ್ಮ ಮುಖ ಮೊಲದ ಕಿವಿ ಅಲ್ಲ. ಮೇಲಾಗಿ ಒಂದು ವಸ್ತು ಒಂಟಿಯಾಗಿ ಮಾಡುವ ತೊಂದರೆಯನ್ನು ಕ್ರೀಮಿನೊಳಗೆ ಚೂರು ಇದ್ದಾಗ ಮಾಡಬೇಕೆಂದೂ ಇಲ್ಲ. ಆ ಮಾತು ಬರೆದಿದ್ದರೆ ಆರಿಸಲು ಒಂದು ಕಾರಣ ಅಂತ ಇಟ್ಟುಕೊಳ್ಳಿ, ಅಷ್ಟೇ.

ಹಾಗಾಗಿ ಸ್ವಂತ ಚರ್ಮದ ಮೇಲೆ ನೋಡಿಯೇ ತೀರಬೇಕು. ಚಿಕ್ಕ ಟ್ಯೂಬ್ ತರುತ್ತೇನೆ. ಮೊದಲು ಕಿವಿಯ ಕೆಳಗೆ, ದವಡೆಯ ಅಂಚಿಗೆ ಒಂದೇ ಕಡೆ ಕೆಲವು ದಿನ ಹಚ್ಚುವುದು. ಕೆರೆತ, ಕೆಂಪು, ಉರಿ ಇದ್ದರೆ ಅಲ್ಲಿಗೇ ನಿಲ್ಲಿಸುವುದು. ಇಲ್ಲದಿದ್ದರೆ ಇಡೀ ಮುಖಕ್ಕೆ. ಆದರೆ ರಂಧ್ರ ಮುಚ್ಚಿ ಗುಳ್ಳೆ ಏಳಲು ವಾರಗಳೇ ಬೇಕಾಗುತ್ತವೆ, ಆದ್ದರಿಂದ ಎರಡು ದಿನ ಹಚ್ಚಿ "ಸೂಪರ್" ಅನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಈ ಸಮಯದಲ್ಲಿ ಫೇಸ್‌ವಾಶ್ ಬದಲಿಸಬಾರದು, ಬೇರೆ ಹೊಸದೇನೂ ಸೇರಿಸಬಾರದು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ ಅಲ್ವಾ?

ನಮ್ಮ ಕಡೆ ಹವೆಯ ಲೆಕ್ಕ ಮುಖ್ಯ. ಆಗುಂಬೆ, ಹುಲಿಕಲ್ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಒಲೆಯ ಮೇಲೆ ಹರವಬೇಕು. ಗಾಳಿಯಲ್ಲೇ ಅಷ್ಟು ನೀರಿರುವಾಗ ಮುಖದ ನೀರು ಹಾರುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ನೀರಿನಂಥ ಜೆಲ್ ಸಾಕು, ಅದೂ ರಾತ್ರಿ ಮಾತ್ರ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಬೇರೆಯೇ ಕಥೆ. ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಒಣ ಗಾಳಿ, ಬಚ್ಚಲಲ್ಲಿ ಹಬೆಯಾಡುವ ಹಂಡೆ ನೀರು. ಅಡಿಕೆ ಕೊಯ್ಲಿನ ಸಮಯದಲ್ಲಿ ಬೇಯಿಸುವ ಒಲೆಯ ಮುಂದೆ ನಿಂತವರ ಮುಖ ಸಂಜೆಗೆ ಹೇಗಾಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆಗ ಸೆರಮೈಡ್ ಇರುವ ತೆಳು ಲೋಷನ್, ಕೆನ್ನೆಗೆ ಎರಡು ಸಲ, ಹಣೆಗೆ ಕೈಯಲ್ಲಿ ಉಳಿದದ್ದು. ಇಡೀ ಮುಖಕ್ಕೆ ಒಂದೇ ಸಮ ಬಳಿಯಬೇಕು ಅಂತ ಯಾರೂ ಹೇಳಿಲ್ಲ. ಮುಖಕ್ಕೆ ಮಾತ್ರ ಉಗುರುಬೆಚ್ಚಗಿನ ನೀರು.

ಮಾರ್ಚ್ ಬಂತೆಂದರೆ ಶಿವಮೊಗ್ಗ ಪೇಟೆ ಕಾಯುತ್ತದೆ. ಮಂಡಗದ್ದೆ, ಸಕ್ರೆಬೈಲು ದಾಟಿ ಪೇಟೆಗೆ ಇಳಿಯುವಷ್ಟರಲ್ಲಿ ಸ್ಕೂಟರ್ ಮೇಲೆ ಮುಖ ಬೆವರು, ಎಣ್ಣೆ, ಧೂಳು ಎಲ್ಲ ಸೇರಿ ಅಂಟಂಟು. ಆಗ ಹಗಲಿಗೆ ಬೇರೆ ಮಾಯಿಶ್ಚರೈಸರ್ ಹಚ್ಚುವುದೇ ಇಲ್ಲ, ಎಸ್‌ಪಿಎಫ್ 30ಕ್ಕಿಂತ ಹೆಚ್ಚಿರುವ ಜೆಲ್ ಸನ್‌ಸ್ಕ್ರೀನ್ ಹಚ್ಚುತ್ತೇನೆ. ಅದರಲ್ಲೇ ಗ್ಲಿಸರಿನ್, ಸಿಲಿಕೋನ್ ಇರುತ್ತವೆ. ಒಂದರ ಮೇಲೊಂದು ಹಚ್ಚಿ ಆಫೀಸಿನಲ್ಲಿ ಕರಗಿಸುವುದು ಬೇಡ.

ಹಚ್ಚುವುದು ಮುಖ ಒದ್ದೆಯಿರುವಾಗಲೇ, ಟವೆಲ್‌ನಿಂದ ಒತ್ತಿ ತೆಗೆದ ಕೂಡಲೇ. ಕಡಲೆಕಾಳಿನಷ್ಟು ಸಾಕು. ಡಾಕ್ಟರು ಮೊಡವೆಗೆ ಅಡಾಪಲೀನ್ ಅನ್ನುವ ಔಷಧಿಯ ಜೆಲ್ ಕೊಟ್ಟಿದ್ದಾಗ ಮೊದಲು ಮಾಯಿಶ್ಚರೈಸರ್, ಅದು ಒಣಗಿದ ಮೇಲೆ ಜೆಲ್ ಹಚ್ಚಿಕೊಳ್ಳಿ ಅಂದಿದ್ದರು, ಸಿಪ್ಪೆ ಏಳುವುದು ಅದರಿಂದ ತಗ್ಗಿತು.

ಮುರುಗಲ ತುಪ್ಪದ, ಅಂದರೆ ಕೋಕಂ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬಿನ ವಿಷಯ ಅಮ್ಮನ ಜೊತೆ ಇನ್ನೂ ಚರ್ಚೆಯಲ್ಲಿದೆ. ಒಡೆದ ಹಿಮ್ಮಡಿಗೆ, ತುಟಿಗೆ ಅದರಂಥದ್ದು ಇನ್ನೊಂದಿಲ್ಲ, ನಾನೂ ಹಚ್ಚುತ್ತೇನೆ. ಆದರೆ ಎಣ್ಣೆ ಮುಖದ ಹಣೆಗೆ ಅಷ್ಟು ಗಟ್ಟಿಯಾದ ಕೊಬ್ಬು ಬೇಡ.

ಬ್ರಾಂಡ್ ಹೆಸರು ಯಾಕೆ ಬರೆದಿಲ್ಲ ಅಂದರೆ, ಹೆಸರು ಅದೇ ಇದ್ದರೂ ಒಳಗಿನ ಪಟ್ಟಿ ಬದಲಾಗುತ್ತಿರುತ್ತದೆ. ಪಟ್ಟಿ ಓದುವುದು ಗೊತ್ತಿದ್ದರೆ ಯಾವ ಅಂಗಡಿಯಲ್ಲಾದರೂ ಆರಿಸಿಕೊಳ್ಳಬಹುದು.

ಒಂದು ಮಾತ್ರ ಗಟ್ಟಿಯಾಗಿ ಹೇಳಬೇಕು. ಮೊಡವೆಗೆ, ಬೆಳ್ಳಗಾಗಲಿಕ್ಕೆ ಅಂತ ಮೆಡಿಕಲ್ ಶಾಪ್‌ನಿಂದ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಇರುವ ಟ್ಯೂಬ್ ತಂದು ಮಾಯಿಶ್ಚರೈಸರ್ ಹಾಗೆ ದಿನಾ ಬಳಿಯುವವರು ನಮ್ಮ ನಡುವೆಯೇ ಇದ್ದಾರೆ. ಇವು ಸ್ಟೀರಾಯ್ಡ್. ಮೊದಲು ಮುಖ ನುಣುಪಾಗಿ ಕಾಣುತ್ತದೆ, ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಬಿಟ್ಟ ಕೂಡಲೇ ಗುಳ್ಳೆ ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದೆ. ಹಣೆಯಲ್ಲಿ ಒಂದೇ ಗಾತ್ರದ ಕೆರೆಯುವ ಸಣ್ಣ ಗುಳ್ಳೆಗಳಿದ್ದರೂ ಕ್ರೀಮ್ ಬದಲಿಸುತ್ತಾ ಕೂರಬೇಡಿ. ಬೆವರಿನ ಹವೆಯಲ್ಲಿ ಬರುವ ಶಿಲೀಂಧ್ರದ ಗುಳ್ಳೆ ಅದಾಗಿರಬಹುದು, ಅದಕ್ಕೆ ಔಷಧಿಯೇ ಬೇರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಹೋಗುವಾಗ ಮುಖಕ್ಕೆ ಈಗ ಹಚ್ಚುತ್ತಿರುವ ಎಲ್ಲ ಟ್ಯೂಬ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.