ಕೀಮೋ ಮಾತ್ರೆ ಮನೆಗೆ ಬಂದಾಗ: ಊಟಕ್ಕೆ ಮೊದಲೋ, ನಂತರವೋ?

ಕಾರವಾರ, ಕುಮಟಾ ಕಡೆಯಿಂದ ಘಟ್ಟ ಹತ್ತಿ ಹುಬ್ಬಳ್ಳಿಗೋ, ಕರಾವಳಿಯುದ್ದಕ್ಕೂ ಸಾಗಿ ಮಣಿಪಾಲಕ್ಕೋ ಹೋಗಿ ಕೀಮೋ ಹಾಕಿಸಿಕೊಳ್ಳುವವರಿಗೆ, ವೈದ್ಯರು ಮಾತ್ರೆ ಬರೆದುಕೊಟ್ಟರೆ ದೊಡ್ಡ ಸಮಾಧಾನವಾಗುತ್ತದೆ. ಆದರೆ ಅಲ್ಲಿಯವರೆಗೆ ನರ್ಸ್ ಕೈಯಲ್ಲಿದ್ದ ಎಚ್ಚರಿಕೆ ಆಗ ಮನೆಯ ಅಡುಗೆಕೋಣೆಗೆ ಬರುತ್ತದೆ.

ರಕ್ತನಾಳಕ್ಕೆ ನೇರವಾಗಿ ಬಿಟ್ಟ ಔಷಧ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಾದರೋ ಹೊಟ್ಟೆಯಲ್ಲಿ ಕರಗಿ, ಕರುಳಿನ ಗೋಡೆ ದಾಟಿ, ಯಕೃತ್ತನ್ನು ಹಾದು ಬರಬೇಕು. ದಾರಿಯಲ್ಲಿ ಒಂದಷ್ಟು ನಷ್ಟವಾಗುತ್ತದೆ. ಟೆಮೊಜೊಲೊಮೈಡ್ ಹೆಚ್ಚುಕಡಿಮೆ ಪೂರ್ತಿ ಹೀರಲ್ಪಟ್ಟರೆ, ಎಟೊಪೊಸೈಡ್ ಕ್ಯಾಪ್ಸೂಲಿನಲ್ಲಿ ಸರಾಸರಿ ಅರ್ಧದಷ್ಟು ಔಷಧ ಮಾತ್ರ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಸಲೈನಿನ ಡೋಸನ್ನೂ ಮಾತ್ರೆಯ ಡೋಸನ್ನೂ ಮಿಲಿಗ್ರಾಂ ನೋಡಿ ಹೋಲಿಸಬಾರದು. ಬೇರೆ ದಾರಿಗಳೂ ಇವೆ: ರಕ್ತದಿಂದ ಮಿದುಳಿಗೆ ಔಷಧ ಸುಲಭವಾಗಿ ದಾಟದ ಕಾರಣ ಮೆಥೊಟ್ರೆಕ್ಸೇಟನ್ನು ಕೆಲವೊಮ್ಮೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಕೊಡುತ್ತಾರೆ, ಬೋರ್ಟೆಜೊಮಿಬ್ ಚರ್ಮದಡಿಗೆ ಚುಚ್ಚಿದಾಗ ಒಟ್ಟಾರೆ ರಕ್ತನಾಳಕ್ಕೆ ಕೊಟ್ಟಾಗಿನಷ್ಟೇ ಪ್ರಮಾಣ ರಕ್ತಕ್ಕೆ ಸೇರಿದರೂ ಕೈಕಾಲು ಜೋಮು ಹಿಡಿಯುವ ತೊಂದರೆ ಕಡಿಮೆ.

ಮಾತ್ರೆ ಕೈಗೆ ಬಂದ ದಿನವೇ ಅದನ್ನು ಊಟದೊಂದಿಗೆ ತೆಗೆದುಕೊಳ್ಳಬೇಕೋ, ಖಾಲಿ ಹೊಟ್ಟೆಗೋ ಎಂದು ಕೇಳಿ, ಉತ್ತರವನ್ನು ಡಬ್ಬಿಯ ಮೇಲೆಯೇ ಬರೆಯಿಸಿಕೊಳ್ಳಿ. ನೆರೆಮನೆಯವರ ಮಾತ್ರೆಯ ನಿಯಮ ನಿಮ್ಮದಕ್ಕೆ ಹೊಂದದು. ಕ್ಯಾಪೆಸಿಟಬಿನ್ ಅನ್ನು ಊಟ ಮುಗಿದ 30 ನಿಮಿಷದೊಳಗೆ ನೀರಿನೊಂದಿಗೆ ನುಂಗಬೇಕು. ಆಹಾರವು ಅದರ ಹೀರುವಿಕೆಯನ್ನು ತಗ್ಗಿಸುತ್ತದೆ ಎಂಬುದು ನಿಜ. ಆದರೂ ಪ್ರಯೋಗಗಳಲ್ಲಿ ರೋಗಿಗಳಿಗೆ ಊಟದ ನಂತರವೇ ಕೊಟ್ಟು ಡೋಸ್ ಪರೀಕ್ಷಿಸಿದ್ದರಿಂದ, ಆ ಕ್ರಮವನ್ನೇ ಪಾಲಿಸಬೇಕಾಗುತ್ತದೆ. ಇದಕ್ಕೆ ವಿರುದ್ಧವಾದದ್ದು ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಟೆರೋನ್. ಅದು ಕೀಮೋ ಅಲ್ಲ, ಹಾರ್ಮೋನ್ ಚಿಕಿತ್ಸೆ. ಆದರೆ ಉದಾಹರಣೆಯಾಗಿ ಇದಕ್ಕಿಂತ ಸ್ಪಷ್ಟವಾದದ್ದಿಲ್ಲ. ಜಿಡ್ಡಿನ ಊಟದೊಂದಿಗೆ ನುಂಗಿದರೆ ರಕ್ತದಲ್ಲಿ ಸೇರುವ ಪ್ರಮಾಣ ಸುಮಾರು 10 ಪಟ್ಟು ಏರಬಲ್ಲದು. ತುಪ್ಪದ ದೋಸೆ ತಿಂದ ಮೇಲೆ ನೆನಪಾಯಿತೆಂದು ಆ ಮಾತ್ರೆಯನ್ನು ಕೂಡಲೇ ಬಾಯಿಗೆ ಹಾಕಿಕೊಳ್ಳುವುದು ಅಪಾಯಕರ.

ಎರಡನೆಯದು ಹಣ್ಣು. ಇಮಾಟಿನಿಬ್, ನಿಲೋಟಿನಿಬ್‌ನಂಥ ಮಾತ್ರೆಗಳ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ಬೇಡವೆಂದು ಬರೆದಿರುತ್ತದೆ. ಆ ಹೆಸರು ನಮ್ಮಲ್ಲಿ ಬಳಕೆಯಿಲ್ಲದ ಕಾರಣ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಶಿರಸಿ ಕಡೆಯ ತೋಟಗಳಲ್ಲಿ ಬೆಳೆಯುವ ಚಕ್ಕೋತವೇ ಅದರ ಮೂಲ ತಳಿಗಳಲ್ಲೊಂದು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುವ ರಾಸಾಯನಿಕಗಳು ಅದರಲ್ಲೂ ಇರುವುದರಿಂದ, ಚಿಕಿತ್ಸೆ ಮುಗಿಯುವವರೆಗೆ ಅದನ್ನು ಬಿಡುವುದೇ ಕ್ಷೇಮ. ಹುಳಿತೇಗಿಗೆಂದು ತೆಗೆದುಕೊಳ್ಳುವ ಒಮೆಪ್ರಜೋಲ್ ಮಾತ್ರೆಯ ಬಗ್ಗೆಯೂ ವೈದ್ಯರಿಗೆ ಹೇಳಿ. ಹೊಟ್ಟೆಯ ಆಮ್ಲ ತಗ್ಗಿದರೆ ಎರ್ಲೋಟಿನಿಬ್ ಸರಿಯಾಗಿ ಕರಗುವುದಿಲ್ಲ.

ಮಾತ್ರೆಯನ್ನು ಪುಡಿ ಮಾಡಬೇಡಿ, ಕ್ಯಾಪ್ಸೂಲ್ ಬಿಚ್ಚಬೇಡಿ. ಮಳೆಗಾಲದಲ್ಲಿ ಉಪ್ಪಿನ ಜಾಡಿಯೂ ನೀರೊಡೆಯುವ ಕರಾವಳಿಯ ತೇವದಲ್ಲಿ ಮಾತ್ರೆಗಳು ಅವುಗಳ ಸ್ಟ್ರಿಪ್‌ನಲ್ಲಿಯೇ ಇರಲಿ. ನುಂಗಿದ ಮೇಲೆ ವಾಂತಿಯಾದರೆ ಮತ್ತೊಂದು ನುಂಗದೆ, ಎಷ್ಟು ಹೊತ್ತಿಗೆ ವಾಂತಿಯಾಯಿತೆಂದು ಬರೆದಿಟ್ಟು ಆಸ್ಪತ್ರೆಗೆ ಫೋನ್ ಮಾಡಿ. ಒಂದು ಹೊತ್ತಿನದು ತಪ್ಪಿದರೂ ಮುಂದಿನ ಹೊತ್ತಿಗೆ ಎರಡನ್ನು ಸೇರಿಸಿ ನುಂಗಬಾರದು.